ಹಳೆಯ ಕಾರಿಗೆ ಯಾವ ಪೆಟ್ರೋಲ್ ಪೈಪ್? ನಾಲ್ಕು ಬಗೆಯನ್ನು ಹಾಕಿ ನೋಡಿದ ಮೇಲೆ

ನಮ್ಮ ತಂದೆಯವರು 1996ರಲ್ಲಿ ಕೊಂಡ ಮಾರುತಿ 800 ಕಾರು ದಾವಣಗೆರೆಯ ನಮ್ಮ ಮನೆಯಲ್ಲಿ ಈಗಲೂ ಓಡುತ್ತಿದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಇರುವ, ಎಂಜಿನ್ನಿನ ಬಲದಿಂದಲೇ ಪೆಟ್ರೋಲ್ ಪಂಪ್ ನಡೆಯುವ ಹಳೆಯ ಮಾದರಿ ಅದು. ಮೂರು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಚಿತ್ರದುರ್ಗದಿಂದ ಮರಳುವಾಗ, ಭರಮಸಾಗರ ದಾಟುತ್ತಿದ್ದಂತೆ ಕಾರಿನೊಳಗೆ ಪೆಟ್ರೋಲ್ ವಾಸನೆ ದಟ್ಟವಾಗಿ ಹರಡಿತು. ಹೆದ್ದಾರಿಯ ಅಂಚಿಗೆ ನಿಲ್ಲಿಸಿ, ಕೀ ತೆಗೆದು, ಮನೆಯವರನ್ನೆಲ್ಲ ದೂರಕ್ಕೆ ಕಳುಹಿಸಿ, ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ಎತ್ತಿದೆ. ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪು ಕ್ಲಿಪ್ಪಿನ ಅಂಚಿನಲ್ಲಿಯೇ ಸೀಳಿ, ಅದರ ಕೆಳಗಿನ ಭಾಗವೆಲ್ಲ ತೊಯ್ದಿತ್ತು. ಆ ಪೈಪನ್ನು ಹೊಸದಾಗಿ ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು ಎಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ; ಗಾಳಿಯಲ್ಲಿ ಆ ಆವಿಯ ಪಾಲು ಶೇಕಡಾ ಒಂದೂವರೆಯಷ್ಟಿದ್ದರೂ ಒಂದು ಕಿಡಿ ಸಾಕು. ನಮ್ಮ ಕಡೆಯ ಬೇಸಿಗೆಯಲ್ಲಿ, ಬಾನೆಟ್ಟಿನ ಕೆಳಗೆ, ಸೋರುವ ಪೆಟ್ರೋಲನ್ನು ಅಲಕ್ಷಿಸುವುದಕ್ಕೆ ಆಸ್ಪದವೇ ಇಲ್ಲ. ಆದುದರಿಂದ ಅಂಗಡಿಯಲ್ಲಿ ದೊರೆಯುವ ನಾಲ್ಕು ಬಗೆಯ ಪೈಪುಗಳನ್ನು ತಂದು, ಒಂದಾದ ಮೇಲೊಂದರಂತೆ ಅದೇ ಜಾಗದಲ್ಲಿ ಹಾಕಿ ನೋಡಿದೆ.

ಮೊದಲನೆಯದು, ಸುರುಳಿಯಿಂದ ಅಳೆದು ಕತ್ತರಿಸಿಕೊಡುವ, ಮೈಮೇಲೆ ಯಾವ ಅಕ್ಷರವೂ ಇಲ್ಲದ ಕಪ್ಪು ರಬ್ಬರ್ ಪೈಪು. ಭರಮಸಾಗರದ ಬಳಿ ಸೀಳಿದ್ದೂ ಇದೇ ಬಗೆಯದು. ಅಗ್ಗ, ಬಾಗಿಸಲು ಸುಲಭ, ಹೊಸತರಲ್ಲಿ ಬಿಗಿಯಾಗಿಯೂ ಕೂರುತ್ತದೆ. ಆದರೆ ಅದು ಪೆಟ್ರೋಲಿಗಾಗಿ ಮಾಡಿದ್ದೋ ನೀರಿಗಾಗಿ ಮಾಡಿದ್ದೋ ಎಂದು ಅಂಗಡಿಯವರೂ ಖಚಿತವಾಗಿ ಹೇಳಲಾರರು. ಆರೇ ತಿಂಗಳಲ್ಲಿ ತುದಿಗಳು ಗಡುಸಾಗಿ, ಉಗುರಿನಿಂದ ಒತ್ತಿದರೆ ಕೂದಲೆಳೆಯಂಥ ಬಿರುಕುಗಳು ಕಾಣತೊಡಗಿದವು. ಎರಡನೆಯದು, ಬೈಕುಗಳಿಗೆ ಹಾಕುವಂಥ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಒಳಗೆ ಹರಿಯುವ ಪೆಟ್ರೋಲ್ ಕಣ್ಣಿಗೆ ಕಾಣುತ್ತದೆ ಎಂಬುದೊಂದೇ ಅದರ ಗುಣ. ಬಿಸಿಯಲ್ಲಿ ಮೆತ್ತಗಾಗಿ ಜಾರುವುದು, ತಣ್ಣಗಾದಾಗ ಕಟ್ಟಿಗೆಯಂತೆ ಬಿರುಸಾಗುವುದು, ಎರಡು ತಿಂಗಳಲ್ಲಿ ಹಳದಿಗೆ ತಿರುಗುವುದು: ಇಷ್ಟು ನೋಡಿದ ಮೇಲೆ ತೆಗೆದು ಎಸೆದೆ. ಕಾರಿನ ಬಾನೆಟ್ಟಿನ ಕೆಳಗೆ ಇದನ್ನು ಯಾರೂ ಹಾಕಬಾರದು.

ಮೂರನೆಯದು, ಹೊರಗೆ ನೂಲಿನ ಹೆಣಿಗೆ ಇರುವ ರಬ್ಬರ್ ಪೈಪು. ನೋಡುವುದಕ್ಕೆ ಗಟ್ಟಿಮುಟ್ಟಾದದ್ದು, ಒಂದು ಪೂರ್ತಿ ಬೇಸಿಗೆಯನ್ನು ಸೋರದೆ ಕಳೆದದ್ದು. ಆದರೂ ಇದರ ಮೇಲೆ ನನಗೆ ವಿಶ್ವಾಸ ಹುಟ್ಟಲಿಲ್ಲ. ಒಳಗಿನ ರಬ್ಬರ್ ಬಿರುಕು ಬಿಟ್ಟರೂ ಮೇಲಿನ ಹೆಣಿಗೆ ಅದನ್ನು ಮುಚ್ಚಿಬಿಡುತ್ತದೆ. ನೂಲು ಪೆಟ್ರೋಲನ್ನು ಬತ್ತಿಯಂತೆ ಹೀರಿಕೊಂಡು, ಹನಿ ಬೀಳುವ ಮೊದಲೇ ಉದ್ದಕ್ಕೂ ಹರಡುತ್ತದೆ. ಕಣ್ಣಿಗೆ ಕಾಣದ ದೋಷವೇ ಹೆಚ್ಚು ಅಪಾಯಕಾರಿ. ನಾಲ್ಕನೆಯದು, ಮೈಮೇಲೆ 'ಎಸ್‌ಎಇ ಜೆ30 ಆರ್9' ಎಂಬ ಇಂಧನ ಪೈಪಿನ ಗುಣಮಟ್ಟದ ಗುರುತು ಅಚ್ಚಾಗಿರುವ, ಇಂಜೆಕ್ಷನ್ ಕಾರುಗಳಿಗೆಂದೇ (ಕಾರ್ಬುರೇಟರಿನ ಬದಲು ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಕಾರುಗಳು) ತಯಾರಾಗುವ ಪೈಪು. ಇದರ ಒಳಪದರ ಫ್ಲೋರಿನ್ ಬೆರೆತ ರಬ್ಬರಿನದು. ಬೆಲೆ ಮೊದಲನೆಯದರ ಹಲವು ಪಟ್ಟು. ಕಾರ್ಬುರೇಟರ್ ಕಾರಿನ ಪಂಪಿನ ಒತ್ತಡ ಸುಮಾರು ಕಾಲು ಬಾರ್ ಮಾತ್ರ, ಇಂಜೆಕ್ಷನ್ ಕಾರಿನದು 3 ಬಾರ್‌ಗೆ ಸಮೀಪ. ಹೀಗಿರುವಾಗ ನಮ್ಮ ಕಾರಿಗೆ ಇಷ್ಟು ದುಬಾರಿ ಪೈಪು ಏತಕ್ಕೆ ಎಂದು ನಾನೂ ಕೇಳಿಕೊಂಡಿದ್ದೆ. ಉತ್ತರ ಒತ್ತಡದಲ್ಲಿಲ್ಲ, ಪೆಟ್ರೋಲಿನಲ್ಲಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆತ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಈಗ ಎಲ್ಲ ಬಂಕುಗಳಿಗೂ ಬಂದಿದೆ. ಇಂತಹ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟುಕೊಂಡು 1996ರ ಕಾರಿನ ರಬ್ಬರ್ ಭಾಗಗಳನ್ನು ಯಾರೂ ತಯಾರಿಸಿರಲಿಲ್ಲ. ಎಥನಾಲ್ ಸಾಧಾರಣ ರಬ್ಬರನ್ನು ಉಬ್ಬಿಸುತ್ತದೆ, ಅದರ ಮೂಲಕ ನುಸುಳಿ ಹೊರಗೂ ಬರುತ್ತದೆ.

ಇದನ್ನು ಪರೀಕ್ಷಿಸಲು ಹೋಗಿ ಮೊದಲು ತಪ್ಪು ಮಾಡಿದೆ. ಬಿಗಿಯಾದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಸ್ವಲ್ಪ ಪೆಟ್ರೋಲ್ ಹಾಕಿ, ಪೈಪಿನ ತುಂಡುಗಳನ್ನು ಅದರಲ್ಲಿ ಮುಳುಗಿಸಿ, ಹಿತ್ತಿಲಿನ ನೆರಳಿನಲ್ಲಿ ಇಟ್ಟೆ. ಕೆಲವು ದಿನಗಳ ಮೇಲೆ ತೆಗೆದು ನೋಡಿದರೆ ದುಬಾರಿ ಪೈಪಿನ ಹೊರಮೈಯೂ ಮೆತ್ತಗಾಗಿತ್ತು. ಮೋಸ ಹೋದೆ ಎಂದೇ ತಿಳಿದಿದ್ದೆ. ಆದರೆ ಆ ಪೈಪಿನ ಒಳಪದರಕ್ಕೆ ಮಾತ್ರ ಪೆಟ್ರೋಲನ್ನು ತಡೆಯುವ ಶಕ್ತಿ ಇರುವುದು. ಹೊರಪದರ ಬಿಸಿಲು, ಉಷ್ಣ, ಉಜ್ಜುವಿಕೆಗಳಿಂದ ಕಾಪಾಡುವುದಕ್ಕಾಗಿ ಇದೆ. (ಟ್ಯಾಂಕಿನ ಒಳಗೆ ಮುಳುಗಿರುವ ಜಾಗಕ್ಕೆ ಈ ಪೈಪನ್ನು ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ.) ಎರಡನೆಯ ಸಲ ಗೇಣುದ್ದದ ತುಂಡುಗಳೊಳಗೆ ಪೆಟ್ರೋಲ್ ತುಂಬಿಸಿ, ಹಿಗ್ಗಲು ಸ್ವಲ್ಪ ಜಾಗ ಬಿಟ್ಟು, ಎರಡೂ ತುದಿಗಳನ್ನು ಬೋಲ್ಟ್ ಮತ್ತು ಕ್ಲಿಪ್ಪಿನಿಂದ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿದೆ. ತೂಗುಹಾಕುವ ಮೊದಲೊಮ್ಮೆ, ಒಂದು ತಿಂಗಳ ಮೇಲೆ ಮತ್ತೊಮ್ಮೆ ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿದಾಗ, ಹೆಸರಿಲ್ಲದ ಕಪ್ಪು ಪೈಪು ಎಲ್ಲಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿತ್ತು, ಹೆಣಿಗೆಯದು ಅದರ ಹಿಂದೆಯೇ ಇತ್ತು, ಆರ್9 ಪೈಪಿನಲ್ಲಿ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಒಂದು ಹನಿಯೂ ಹೊರಗೆ ಬಿದ್ದಿರಲಿಲ್ಲ; ಹೋದದ್ದೆಲ್ಲ ಆವಿಯಾಗಿ, ರಬ್ಬರಿನ ಮೂಲಕವೇ ಹೋಗಿತ್ತು. ಬೆಳಗ್ಗೆ ಶೆಡ್ಡಿನ ಬಾಗಿಲು ತೆರೆದಾಗ ಬರುತ್ತಿದ್ದ ವಾಸನೆಯ ಮೂಲ ಅಂದು ನನಗೆ ತಿಳಿಯಿತು.

ಪೈಪಿಗಿಂತಲೂ ಕ್ಲಿಪ್ಪಿನ ವಿಚಾರದಲ್ಲಿ ನಾನು ಕಲಿತದ್ದು ಹೆಚ್ಚು. ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರು, "ಪೈಪಿಗೆ ರೊಕ್ಕ ಹಾಕ್ತೀರಿ, ಕ್ಲಿಪ್ಪಿಗೆ ಯಾಕ್ರೀ ಹಿಂದೆ ಮುಂದೆ ನೋಡ್ತೀರಿ?" ಎಂದು ನೇರವಾಗಿ ಕೇಳಿದ್ದರು. ತಂತಿಯ ಸ್ಪ್ರಿಂಗ್ ಕ್ಲಿಪ್ಪು ಹೊಸತರಲ್ಲಿ ಚೆನ್ನಾಗಿ ಹಿಡಿದರೂ, ಕೆಲವು ಸಲ ಬಿಚ್ಚಿ ಹಾಕಿದ ಮೇಲೆ ಸಡಿಲವಾಯಿತು. ಸ್ಕ್ರೂ ತಿರುಗಿಸುವ, ಪಟ್ಟಿಯಲ್ಲಿ ಸೀಳುಗಳಿರುವ ಕ್ಲ್ಯಾಂಪನ್ನೇ ಎಲ್ಲೆಡೆ ಹಾಕುತ್ತಾರೆ. ಆದರೆ ಇಷ್ಟು ಸಣ್ಣ ಪೈಪಿನ ಮೇಲೆ ಅದು ಸರಿಯಾದ ವೃತ್ತವಾಗಿ ಕೂರುವುದಿಲ್ಲ, ಒಂದು ಸುತ್ತು ಹೆಚ್ಚು ಬಿಗಿದರೆ ಆ ಸೀಳುಗಳು ರಬ್ಬರನ್ನು ಕತ್ತರಿಸುತ್ತವೆ. ಅಂದು ಹೆದ್ದಾರಿಯಲ್ಲಿ ನಮ್ಮ ಪೈಪು ಸೀಳಿದ್ದು ಅದೇ ಗುರುತಿನ ಮೇಲೆ. ಅಂಚುಗಳು ಹೊರಕ್ಕೆ ಮಡಿಚಿರುವ, ಸಣ್ಣ ನಟ್ಟು ಬೋಲ್ಟಿನಿಂದ ಬಿಗಿಯುವ ಪೂರ್ಣ ಪಟ್ಟಿಯ ಕ್ಲ್ಯಾಂಪು ಸುತ್ತಲೂ ಸಮನಾಗಿ ಒತ್ತುತ್ತದೆ. ಅದನ್ನು ಪೈಪಿನ ಅಳತೆಗೆ ಸರಿಯಾಗಿ ಆರಿಸಿಕೊಳ್ಳಬೇಕಾದ ತೊಂದರೆ ಇದೆ. ಪೈಪು ಕೂರುವ ಲೋಹದ ಮೂತಿಯನ್ನು ವರ್ನಿಯರ್ ಅಳತೆಗೋಲಿನಿಂದ ಅಳೆದುಕೊಂಡೇ ಅಂಗಡಿಗೆ ಹೋಗುವುದು ಉತ್ತಮ. ಎರಡು ವರ್ಷಗಳಿಂದ ಆರ್9 ಪೈಪು ಇದೇ ಕ್ಲ್ಯಾಂಪಿನೊಡನೆ ಕಾರಿನಲ್ಲಿದೆ, ಅದರ ಮೇಲೆ ಒಂದು ಗೀರೂ ಬಿದ್ದಿಲ್ಲ.

ಕಾರಿನ ತಳದಲ್ಲಿ ಪೆಟ್ರೋಲ್ ಸಾಗುವ ಲೋಹದ ಕೊಳವೆಗೆ ತುಕ್ಕು ಹಿಡಿದಾಗ ತಾಮ್ರದ್ದನ್ನು ಹಾಕಿಸಿಕೊಳ್ಳಿ ಎಂದವರು ಬಹಳ. ತಾಮ್ರ ಕೈಯಲ್ಲಿಯೇ ಬಾಗುತ್ತದೆ, ನಿಜ. ಆದರೆ ಎಂಜಿನ್ನಿನ ನಡುಕಕ್ಕೆ ಕಾಲಕ್ರಮೇಣ ಬಿರುಸಾಗಿ ಬಿರಿಯುವುದೂ ಅದರ ಸ್ವಭಾವ. ನಾನು ಉಕ್ಕಿನದನ್ನೇ ಹಾಕಿಸಿದೆ.

ಪಂಪ್ ದುರ್ಬಲವಾದಾಗ ಒಬ್ಬರು ವಿದ್ಯುತ್ ಪಂಪ್ ಹಾಕಿಕೊಟ್ಟಿದ್ದರು. ಅದನ್ನು ಎರಡೇ ವಾರಗಳಲ್ಲಿ ತೆಗೆಸಿದೆ. ಹಳೆಯ ಪಂಪು ಎಂಜಿನ್ ನಿಂತೊಡನೆ ತಾನೂ ನಿಲ್ಲುತ್ತದೆ. ವಿದ್ಯುತ್ ಪಂಪಾದರೋ ಎಂಜಿನ್ ನಿಂತರೂ ಕೀ ಆನ್ ಇರುವವರೆಗೆ, ಪೈಪು ಸೀಳಿದ್ದರೂ ಬೆಂಕಿ ಹೊತ್ತಿದ್ದರೂ, ಪೆಟ್ರೋಲನ್ನು ತಳ್ಳುತ್ತಲೇ ಇರುತ್ತದೆ. ಎಂಜಿನ್ ನಿಂತಾಗ ವಿದ್ಯುತ್ತನ್ನು ಕಡಿಯುವ ರಿಲೇ ಜೋಡಿಸದೆ ಅದನ್ನು ಹಾಕಿಸಿಕೊಳ್ಳುವುದು ಸರಿಯಲ್ಲ. ಅದರ ಒತ್ತಡ ಹೆಚ್ಚಿದ್ದರೆ ಕಾರ್ಬುರೇಟರ್ ಉಕ್ಕಿ ಹರಿಯುವ ಅಪಾಯ ಬೇರೆ. ಕೊನೆಗೆ ಹೊಸ ಯಾಂತ್ರಿಕ ಪಂಪನ್ನೇ ಹಾಕಿಸಿದೆ. ಹಾಗೆಂದು ಅದಕ್ಕೂ ದೋಷವಿಲ್ಲವೆಂದಲ್ಲ: ಒಳಗಿನ ಪೊರೆ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯಬಹುದು, ಆದ್ದರಿಂದ ಆಯಿಲ್ ಕಡ್ಡಿಯನ್ನು ತಿಂಗಳಿಗೊಮ್ಮೆ ಮೂಸಿ ನೋಡುತ್ತೇನೆ.

ಬೇಸಿಗೆಯಲ್ಲಿ ಕಾರು ನಿಲ್ಲಿಸಿದ ಕೂಡಲೇ ಬರುವ ಅಲ್ಪ ವಾಸನೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಕಾದ ಪೆಟ್ರೋಲಿನದೂ ಆಗಿರಬಹುದು. ಮರುದಿನ ಬೆಳಗಿನ ತಂಪಿನಲ್ಲಿಯೂ ಅದು ಉಳಿದಿದ್ದರೆ ಸೋರಿಕೆ ಎಂದೇ ತಿಳಿದು ಹುಡುಕಬೇಕು, ಹುಡುಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕು. ಒಂದು ಕಿಲೋ ಒಣಪುಡಿಯ ಎಬಿಸಿ ಅಗ್ನಿಶಾಮಕವನ್ನು ಡಿಕ್ಕಿಯಲ್ಲಿ ಅಲ್ಲ, ಮುಂದಿನ ಸೀಟಿನ ಬಳಿ ಇಟ್ಟಿದ್ದೇನೆ. ಬೆಂಕಿ ಕಂಡರೆ ಬಾನೆಟ್ಟನ್ನು ಪೂರ್ತಿ ಎತ್ತಬಾರದು, ಒಳಗೆ ನುಗ್ಗುವ ಗಾಳಿ ಜ್ವಾಲೆಯನ್ನು ಬೆಳೆಸುತ್ತದೆ. ಸಂದಿನಿಂದಲೇ ಪುಡಿಯನ್ನು ಹೊಡೆಯಬೇಕು.

ನಮ್ಮ ಕಾರಿನಲ್ಲಿ ಇನ್ನು ಉಳಿದಿರುವುದು ಟ್ಯಾಂಕಿನ ಬಳಿಯ ಎರಡು ಗಿಡ್ಡ ಪೈಪುಗಳು, ಮತ್ತು ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ಪೈಪಿನ ಒಂದು ತುಂಡು. ಕಾರನ್ನು ಮೇಲೆತ್ತದೆ ಅವು ಕಾಣುವುದಿಲ್ಲವಾದ್ದರಿಂದ ಇಷ್ಟು ದಿನ ಬಿಟ್ಟಿದ್ದೆ. ಅವಕ್ಕೂ ಆರ್9 ಪೈಪನ್ನು ಕತ್ತರಿಸಿ ಇಟ್ಟಾಗಿದೆ, ಯುಗಾದಿಯೊಳಗೆ ಹಾಕಿಸುತ್ತೇನೆ.