ಐಎಸ್ಒ ಬೂಟ್ ಮಾಡೋಕೆ ಸ್ಟೀಮ್ ಡೆಕ್ಕು, ಪೈ ಝೀರೋ, ವೆಂಟಾಯ್: ಮೂರನ್ನೂ ಬಳಸಿ ನೋಡಿದ್ದು

ಡಿವಿಡಿ ಬರ್ನ್ ಮಾಡೋ ಕಾಲ ಮುಗೀತು, ಆದ್ರೆ ಐಎಸ್ಒ ಫೈಲ್ (ಒಂದು ಡಿಸ್ಕಿನ ಪೂರ್ತಿ ಪ್ರತಿ) ಮಾತ್ರ ಇನ್ನೂ ಡಿಸ್ಕ್ ಲೆಕ್ಕದಲ್ಲೇ ಇದೆ. 2048 ಬೈಟಿನ ಸೆಕ್ಟರು, 1995ರಲ್ಲಿ ಬಂದ ಎಲ್ ಟೊರಿಟೊ ಅನ್ನೋ ಬೂಟ್ ಪದ್ಧತಿ, ಎಲ್ಲಾ ಹಾಗೇ ಇದೆ. ಅದನ್ನ ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡ್ಬೇಕು ಅಂದಾಗ್ಲೇ ತಲೆನೋವು ಶುರು. ಲಿನಕ್ಸ್ ಐಎಸ್ಒಗಳಲ್ಲಿ ಮುಕ್ಕಾಲು ಪಾಲು ಹೈಬ್ರಿಡ್ ಆಗಿರ್ತವೆ, ಸಿಡಿ ಅಂದ್ರೂ ಸೈ ಡಿಸ್ಕ್ ಅಂದ್ರೂ ಸೈ. ವಿಂಡೋಸ್ ಐಎಸ್ಒ ಹಾಗಲ್ಲ, ಸೀದಾ ಪೆನ್‌ಡ್ರೈವಿಗೆ ಬರೆದ್ರೆ ಏಳೋದೇ ಇಲ್ಲ, ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಿಗೆ ಕಾಪಿ ಹೊಡೆಯೋಣ ಅಂದ್ರೆ ಒಳಗಿರೋ ಇನ್‌ಸ್ಟಾಲ್ ಇಮೇಜ್ 4 ಜಿಬಿ ದಾಟಿರುತ್ತೆ, ಅದು ಅಲ್ಲಿ ಕೂರಲ್ಲ.

ಇದಕ್ಕೆ ನಾನು ನಿಜವಾಗಿ ಬಳಸಿ ನೋಡಿರೋದು ಮೂರು ದಾರಿ: ವೆಂಟಾಯ್ ಅನ್ನೋ ಸಾಫ್ಟ್‌ವೇರ್ ಹಾಕಿರೋ ಪೆನ್‌ಡ್ರೈವು, ಸಿಡಿ ಡ್ರೈವ್ ವೇಷ ಹಾಕಿರೋ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ (ಬೆರಳುದ್ದದ ಪುಟ್ಟ ಕಂಪ್ಯೂಟರ್ ಬೋರ್ಡು), ಅದೇ ವೇಷದಲ್ಲಿ ಸ್ಟೀಮ್ ಡೆಕ್ಕು (ಲಿನಕ್ಸ್ ಓಡೋ, ಕೈಯಲ್ಲಿ ಹಿಡಿದು ಗೇಮ್ ಆಡೋ ಕಂಪ್ಯೂಟರ್). ನನ್ನ ತೀರ್ಪು ಮೊದಲೇ ಹೇಳಿಬಿಡ್ತೀನಿ. ದಿನದ ಕೆಲಸಕ್ಕೆ ವೆಂಟಾಯ್ ಸಾಕು, ಆದ್ರೆ ಎದುರಿಗಿರೋ ಕಂಪ್ಯೂಟರ್ ಹಠ ಹಿಡೀತು ಅಂದ್ರೆ ಡೆಕ್ಕಿನ ಮುಂದೆ ಬೇರೆ ಯಾವುದೂ ನಿಲ್ಲಲ್ಲ.

ವೆಂಟಾಯ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ಎಲ್ಲರಿಗೂ ಗೊತ್ತು. 2020ರಲ್ಲಿ ಬಂತು, ಒಂದ್ಸಲ ಪೆನ್‌ಡ್ರೈವಿಗೆ ಹಾಕಿದ್ರೆ ಆಮೇಲೆ ಐಎಸ್ಒಗಳನ್ನ ಸುಮ್ನೆ ಕಾಪಿ ಮಾಡ್ತಾ ಹೋದ್ರಾಯ್ತು, ಬೂಟ್ ಆದಾಗ ಮೆನು ಬರುತ್ತೆ, ಬೇಕಾದ್ದು ಆರಿಸ್ಕೊಳ್ಳೋದು. ಪರ್ಸಿಸ್ಟೆನ್ಸ್ ಸೌಲಭ್ಯ ಇದೆ, ಅಂದ್ರೆ ಲೈವ್ ಲಿನಕ್ಸಲ್ಲಿ ಮಾಡಿದ ಕೆಲಸ ಉಳ್ಕೊಳ್ಳುತ್ತೆ, ಇದು ಬರೀ ಸಿಡಿ ವೇಷದಲ್ಲಿ ಆಗದ ಮಾತು. ಆದ್ರೆ ವೆಂಟಾಯ್ ಮಾಡೋದು ಏನು ಅಂದ್ರೆ, ಬೂಟ್ ಆಗ್ತಿರೋ ಓಎಸ್ ಒಳಗೆ ಮಧ್ಯದಲ್ಲಿ ಕೈಯಾಡಿಸಿ ‘ನೋಡಪ್ಪಾ ನಿನ್ನ ಐಎಸ್ಒ ಇಲ್ಲಿದೆ’ ಅಂತ ತೋರಿಸೋದು. ಅದಕ್ಕೆ ಗೊತ್ತಿರೋ ಓಎಸ್ ಆದ್ರೆ ಸರಿ. ಯಾವುದೋ ಮೂಲೆಯ ಡಯಾಗ್ನೋಸ್ಟಿಕ್ ಡಿಸ್ಕು, ಫರ್ಮ್‌ವೇರ್ ಅಪ್‌ಡೇಟ್ ಮಾಡೋ ಹಳೇ ಡಾಸ್ ಐಎಸ್ಒ, ಇಂಥವಕ್ಕೆ ಒಂದ್ಸಲ ಗ್ರಬ್2 ಮೋಡು, ಇನ್ನೊಂದ್ಸಲ ಮೆಮ್‌ಡಿಸ್ಕ್ ಮೋಡು ಅಂತ ಬದಲಾಯಿಸ್ತಾ ಕೂರಬೇಕು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಪ್ರೋಗ್ರಾಮಿಂದ ಬೂಟ್ ಆಗೋಕೆ ಬಿಡದ ಭದ್ರತೆ) ಆನ್ ಇದ್ರೆ ಮೊದಲ ಸಲ ಆ ಮಷೀನಲ್ಲಿ ವೆಂಟಾಯ್ ಕೀ ಎನ್‌ರೋಲ್ ಮಾಡ್ಬೇಕು. ನಮ್ಮದೇ ಮಷೀನ್ ಆದ್ರೆ ಪರವಾಗಿಲ್ಲ, ಬೇರೆಯವರ ಲ್ಯಾಪ್‌ಟಾಪಿಗೆ ಕೀ ತುರುಕೋದು ನಂಗೆ ಯಾಕೋ ಸರಿ ಅನ್ಸಲ್ಲ.

ಇನ್ನು ಸಿಡಿ ಡ್ರೈವ್ ವೇಷದ ವಿಷ್ಯ ಹೇಗೆ ಅಂದ್ರೆ, ಲಿನಕ್ಸ್ ಕರ್ನಲಲ್ಲಿ ಯುಎಸ್‌ಬಿ ಗ್ಯಾಜೆಟ್ ಅಂತ ಒಂದು ಭಾಗ ಇದೆ. ಸಾಮಾನ್ಯವಾಗಿ ಕಂಪ್ಯೂಟರ್ ಅನ್ನೋದು ಯುಎಸ್‌ಬಿಯಲ್ಲಿ ಯಜಮಾನ, ಕೀಬೋರ್ಡು ಪೆನ್‌ಡ್ರೈವು ಎಲ್ಲಾ ಅದರ ಕೈಕೆಳಗೆ. ಗ್ಯಾಜೆಟ್ ಮೋಡಲ್ಲಿ ನಮ್ಮ ಲಿನಕ್ಸ್ ಮಷೀನೇ ಕೈಕೆಳಗಿನ ಸಾಧನ ಆಗಿಬಿಡುತ್ತೆ. ಮಾಸ್ ಸ್ಟೋರೇಜ್ ಫಂಕ್ಷನ್ನಿಗೆ ಒಂದು ಐಎಸ್ಒ ತೋರಿಸಿ, ಸಿಡಿರಾಮ್ ಅನ್ನೋ ಫೈಲಿಗೆ 1 ಅಂತ ಬರೆದ್ರೆ ಮುಗೀತು, ಆಚೆ ಕಡೆ ಕಂಪ್ಯೂಟರಿನ ಬೂಟ್ ಮೆನುವಲ್ಲಿ ‘ಲಿನಕ್ಸ್ ಫೈಲ್-ಸಿಡಿ ಗ್ಯಾಜೆಟ್’ ಅಂತ ಒಂದು ಸಾಲು ಬಂದು ಕೂರುತ್ತೆ. ಅದರ ಪ್ರಕಾರ ಅದು ಅಸಲಿ ಯುಎಸ್‌ಬಿ ಸಿಡಿ ಡ್ರೈವು. ಐಎಸ್ಒ ಒಳಗಿರೋ ಬೂಟ್‌ಲೋಡರನ್ನೇ (ಓಎಸ್ ಎಬ್ಬಿಸೋ ಪುಟ್ಟ ಪ್ರೋಗ್ರಾಮು) ಕಂಪ್ಯೂಟರಿನ ಫರ್ಮ್‌ವೇರ್, ಅಂದ್ರೆ ಬಯಾಸ್, ಸೀದಾ ಓದುತ್ತೆ, ನಡುವೆ ದಲ್ಲಾಳಿ ಯಾರೂ ಇಲ್ಲ. ಹಾಗಾಗಿ ಐಎಸ್ಒದಲ್ಲಿ ಸಹಿ ಇರೋ ಬೂಟ್‌ಲೋಡರ್ ಇದ್ರೆ ಸೆಕ್ಯೂರ್ ಬೂಟ್ ತಕರಾರಿಲ್ಲ, ವಿಂಡೋಸಿನ 4 ಜಿಬಿ ಗಲಾಟೆಯೂ ಇಲ್ಲ. ಇನ್ನೊಂದು, ಸಿಡಿ ಅಂದ್ಮೇಲೆ ಅದಕ್ಕೆ ಬರೆಯೋಕಾಗಲ್ಲ, ವೈರಸ್ ತುಂಬಿರೋ ಮಷೀನಿಗೆ ಚುಚ್ಚಿದ್ರೂ ಐಎಸ್ಒ ಶುದ್ಧವಾಗೇ ಇರುತ್ತೆ.

ಮೊದ್ಲು ಇದನ್ನ ಮಾಡಿದ್ದು ಪೈ ಝೀರೋ 2 ಡಬ್ಲ್ಯೂದಲ್ಲಿ. ಕಾನ್ಫಿಗ್ ಫೈಲಲ್ಲಿ ಡಿಡಬ್ಲ್ಯೂಸಿ2 (ಯುಎಸ್‌ಬಿ ಡ್ರೈವರ್) ಓವರ್‌ಲೇ ಹಾಕೋದು, ಮಾಡ್ಯೂಲ್ ಲೋಡ್ ಮಾಡೋದು, ಯುಎಸ್‌ಬಿ ಅಂತ ಬರೆದಿರೋ ಪೋರ್ಟಿಗೆ ಕೇಬಲ್ ಹಾಕೋದು, ಅಷ್ಟೇ. ಚಿಕ್ಕದು, ಚೆಂದ. ಆದ್ರೆ ತೊಂದರೆ ಬರೋದು ಕರೆಂಟಿನ ವಿಷಯದಲ್ಲಿ. ಪೈಗೆ ಕರೆಂಟ್ ಬರೋದು ಯಾವ ಕಂಪ್ಯೂಟರನ್ನ ಬೂಟ್ ಮಾಡ್ಬೇಕೋ ಅದರಿಂದಲೇ. ಕಂಪ್ಯೂಟರ್ ಆನ್ ಮಾಡ್ತೀವಿ, ಆಗ ಪೈ ಏಳೋಕೆ ಶುರು, ಅದು ಎದ್ದು ಸಿಡಿ ವೇಷ ಹಾಕ್ಕೊಳ್ಳೋ ಹೊತ್ತಿಗೆ ಬಯಾಸ್ ಯುಎಸ್‌ಬಿ ಎಲ್ಲಾ ಹುಡುಕಿ ಮುಗಿಸಿ ಹಾರ್ಡ್‌ಡಿಸ್ಕಿಗೆ ಹೋಗಿರುತ್ತೆ. ಸರಿ ರೀಸ್ಟಾರ್ಟ್ ಮಾಡೋಣ ಅಂದ್ರೆ ಕೆಲವು ಮಷೀನು ರೀಸ್ಟಾರ್ಟಲ್ಲಿ ಪೋರ್ಟಿನ ಕರೆಂಟೇ ಕಟ್ ಮಾಡ್ತವೆ, ಪೈ ಮತ್ತೆ ಮೊದಲಿಂದ. ಪವರ್ ಪೋರ್ಟಿಗೆ ಬೇರೆ ಕರೆಂಟ್ ಕೊಟ್ರೆ ಇದು ಸರಿಹೋಗುತ್ತೆ, ಆದ್ರೆ ಆಗ ಎರಡು ಕೇಬಲ್ಲು ಒಂದು ಪವರ್‌ಬ್ಯಾಂಕು ನೇತಾಡ್ತಿರುತ್ತೆ. ಸ್ಕ್ರೀನ್ ಬೇರೆ ಇಲ್ಲ, ಐಎಸ್ಒ ಬದಲಾಯಿಸ್ಬೇಕು ಅಂದ್ರೆ ಫೋನಿಂದ ವೈಫೈ ಮೂಲಕ ಎಸ್ಎಸ್ಎಚ್ ಮಾಡಿ ಕಮಾಂಡ್ ಹೊಡೀಬೇಕು. ಒಂದೇ ಮಷೀನ್ ಹಿಂದೆ ಕಾಯಂ ಆಗಿ ಅಂಟಿಸಿಡೋಕೆ ಪೈ ಒಳ್ಳೇದು, ಹೊತ್ಕೊಂಡು ತಿರುಗೋಕಲ್ಲ.

ಈಗ ಡೆಕ್ಕು. ಇದು ನಂಗೆ ಇಷ್ಟ ಆಗೋಕೆ ಕಾರಣ ಅದರ ಬ್ಯಾಟರಿ. ಎದುರಿನ ಕಂಪ್ಯೂಟರ್ ಎಷ್ಟು ಸಲ ಬೇಕಾದ್ರೂ ಆಫ್ ಆಗ್ಲಿ ಆನ್ ಆಗ್ಲಿ, ಸಿಡಿ ಡ್ರೈವ್ ಮಾತ್ರ ಮೊದಲೇ ರೆಡಿಯಾಗಿ ಕಾಯ್ತಿರುತ್ತೆ. ಸ್ಕ್ರೀನಿದೆ, ಒಳಗೆ ಜಾಗ ಇದೆ, ನೆಟ್ ಇದೆ, ಐಎಸ್ಒ ಇಲ್ವಾ, ಅಲ್ಲೇ ಡೌನ್‌ಲೋಡ್ ಮಾಡಿ ಅಲ್ಲೇ ಸಿಕ್ಕಿಸಬಹುದು.

ಸೆಟಪ್ಪಿಗೆ ಮೊದ್ಲು ಡೆಕ್ಕನ್ನ ಪೂರ್ತಿ ಆಫ್ ಮಾಡಿ, ವಾಲ್ಯೂಮ್ ಜಾಸ್ತಿ ಮಾಡೋ ಬಟನ್ ಒತ್ತಿ ಹಿಡಿದು ಪವರ್ ಒತ್ತಿದ್ರೆ ಬಯಾಸ್ ಬರುತ್ತೆ. ಸೆಟಪ್ ಯುಟಿಲಿಟಿ ಒಳಗೆ ಅಡ್ವಾನ್ಸ್ಡ್, ಅದರೊಳಗೆ ಯುಎಸ್‌ಬಿ ಕಾನ್ಫಿಗರೇಷನ್, ಅಲ್ಲಿ ಡ್ಯುಯಲ್ ರೋಲ್ ಡಿವೈಸ್ ಅನ್ನೋದು ಎಕ್ಸ್ಎಚ್‌ಸಿಐ ಅಂತ ಇರುತ್ತೆ, ಅದನ್ನ ಡಿಆರ್‌ಡಿ ಮಾಡಿ ಸೇವ್ ಮಾಡೋದು. ಇದಿಲ್ದೆ ಡೆಕ್ಕು ಬರೀ ಯಜಮಾನನಾಗೇ ಇರುತ್ತೆ, ಸಾಫ್ಟ್‌ವೇರಲ್ಲಿ ಏನು ಮಾಡಿದ್ರೂ ಬಗ್ಗಲ್ಲ. ಆಮೇಲೆ ಡೆಸ್ಕ್‌ಟಾಪ್ ಮೋಡಿಗೆ ಬಂದು ಕಾನ್ಸೋಲ್ ತೆಗೆದು, ಮೊದಲು ಒಂದು ಪಾಸ್‌ವರ್ಡ್ ಇಟ್ಕೊಳ್ಳಿ, ಯಾಕಂದ್ರೆ ಡೆಕ್ಕಿನ ಯೂಸರಿಗೆ ಬರುವಾಗ ಪಾಸ್‌ವರ್ಡೇ ಇರಲ್ಲ, ಅದಿಲ್ದೆ ಸುಡೋ (ಅಡ್ಮಿನ್ ಆಗಿ ಕಮಾಂಡ್ ಓಡಿಸೋದು) ನಡೆಯಲ್ಲ. ಲಿಬ್‌ಕಾಂಪೋಸಿಟ್ ಅನ್ನೋ ಕರ್ನಲ್ ಮಾಡ್ಯೂಲ್ ಲೋಡ್ ಮಾಡಿ, ಸಿಸ್ಟಮ್ಮಿನ ಕಾನ್ಫಿಗ್‌ಎಫ್ಎಸ್ (ಕರ್ನಲಿನ ಸೆಟ್ಟಿಂಗುಗಳು ಫೈಲಾಗಿ ಕಾಣೋ ಜಾಗ) ಒಳಗೆ ಯುಎಸ್‌ಬಿ ಗ್ಯಾಜೆಟ್ ಫೋಲ್ಡರಲ್ಲಿ ಹೊಸ ಫೋಲ್ಡರ್ ಮಾಡಿದ್ರೆ ಉಳಿದ ಫೈಲುಗಳು ತಾವಾಗೇ ಹುಟ್ಟಿಕೊಳ್ತವೆ. ಅವುಗಳಲ್ಲಿ ಒಂದೊಂದು ಸಾಲು ಬರೆಯೋದೇ ಹೆಚ್ಚಿನ ಕೆಲಸ. ಕ್ರಮ ಮುಖ್ಯ ಕಣ್ರೀ: ಸಿಡಿರಾಮಿಗೆ 1 ಬರೆಯೋದು ಮೊದಲು, ಐಎಸ್ಒದ ಹಾದಿ ಬರೆಯೋದು ಆಮೇಲೆ. ಉಲ್ಟಾ ಮಾಡಿದ್ರೆ ಬಿಝಿ ಅಂತ ಬೈದು ಕಳಿಸುತ್ತೆ. ಕೊನೇಲಿ ಯುಡಿಸಿ ಅನ್ನೋ ಫೈಲಿಗೆ ಯುಎಸ್‌ಬಿ ಕಂಟ್ರೋಲರ್ ಹೆಸರು ಬರೆದ ತಕ್ಷಣ ಡ್ರೈವ್ ಜೀವಂತ. ಇದೆಲ್ಲಾ ಮೆಮೊರಿಯಲ್ಲೇ ಇರೋದ್ರಿಂದ ಸ್ಟೀಮ್ಒಎಸ್‌ನ (ಡೆಕ್ಕಿನ ಓಎಸ್) ಬರೆಯೋಕಾಗದ ರೂಟನ್ನ ಮುಟ್ಟೋದೇ ಬೇಡ. ರೀಬೂಟ್ ಆದ್ರೆ ಅಳಿಸಿಹೋಗುತ್ತೆ, ಹಾಗಾಗಿ ಹೋಮ್ ಫೋಲ್ಡರಲ್ಲಿ ಒಂದು ಸ್ಕ್ರಿಪ್ಟ್ ಮಾಡಿಟ್ಕೊಂಡಿದೀನಿ, ಐಎಸ್ಒ ಹೆಸರು ಕೊಟ್ರೆ ಸಾಕು.

ಐಎಸ್ಒ ಬದಲಾಯಿಸೋದು ಸುಲಭ, ಫೈಲ್ ಅನ್ನೋ ಜಾಗದಲ್ಲಿ ಖಾಲಿ ಸಾಲು ಬರೆದ್ರೆ ಡಿಸ್ಕ್ ಆಚೆ ಬಂತು, ಹೊಸ ಹಾದಿ ಬರೆದ್ರೆ ಹೊಸ ಡಿಸ್ಕ್ ಒಳಗೆ ಹೋಯ್ತು, ಕೇಬಲ್ ಕೀಳೋದೇ ಬೇಡ. ಎದುರಿನ ಓಎಸ್ ಡಿಸ್ಕನ್ನ ಲಾಕ್ ಮಾಡ್ಕೊಂಡು ಕೂತಿದ್ರೆ ಮಾತ್ರ ಬಿಡಲ್ಲ, ಟ್ರೇ ತೆಗೆಯೋಕೆ ಬಿಡದ ಹಳೇ ಡ್ರೈವ್ ಥರಾನೇ. ಹೊಸ ಕರ್ನಲಲ್ಲಿ ಅದಕ್ಕೆ ಫೋರ್ಸ್ಡ್ ಇಜೆಕ್ಟ್ ಅಂತ ಒಂದು ಫೈಲ್ ಇದೆ, ಆ ಸಣ್ಣ ತೂತಿಗೆ ಪಿನ್ ಚುಚ್ಚೋ ಕೆಲಸ ಅದು ಮಾಡುತ್ತೆ.

ಹಳೇ ಕರ್ನಲ್ ಇರೋ ಸಾಧನ ಬಳಸೋರು ಒಂದು ವಿಷ್ಯ ಗಮನಿಸ್ಬೇಕು. ಸಿಡಿ ಮೋಡಲ್ಲಿ ಮೊದಲು ಸುಮಾರು 2.2 ಜಿಬಿವರೆಗೆ ಮಾತ್ರ ಕಾಣ್ತಿತ್ತು, ಮಿಕ್ಕಿದ್ದನ್ನ ಕತ್ತರಿಸಿ ಬಿಸಾಕ್ತಿತ್ತು. ಸಿಡಿಯ ನಿಮಿಷ-ಸೆಕೆಂಡ್ ಲೆಕ್ಕದಲ್ಲಿ ಅಳತೆ ಮಾಡ್ತಿದ್ದದ್ದೇ ಕಾರಣ, 256 ಗುಣಿಸು 60 ಗುಣಿಸು 75 ಸೆಕ್ಟರಿಗೆ ಮಿತಿ. 2021ರಲ್ಲಿ ಪೈಕೆವಿಎಂ (ಪೈ ಬಳಸಿ ದೂರದಿಂದ ಕಂಪ್ಯೂಟರ್ ನಡೆಸೋ ಸಾಧನ) ಮಾಡೋರ ಕಡೆಯಿಂದ ಪ್ಯಾಚ್ ಬಂದು ಸರಿಹೋಯ್ತು. ಹಳೇ ಕರ್ನಲಲ್ಲಿ ಪುಟ್ಟ ಲಿನಕ್ಸ್ ಐಎಸ್ಒ ಎಲ್ಲಾ ಓಡಿ ವಿಂಡೋಸ್ ಮಾತ್ರ ಅರ್ಧದಲ್ಲಿ ಫೈಲ್ ಸಿಗ್ತಿಲ್ಲ ಅಂದ್ರೆ ಮೊದಲು ಇದನ್ನ ಅನುಮಾನಿಸಿ.

ವೇಗದಲ್ಲಿ ಪೈ ಹಿಂದೆ ಬೀಳುತ್ತೆ, ಅದು ಯುಎಸ್‌ಬಿ 2, ಕಾಗದದ ಮೇಲೇ 480 ಮೆಗಾಬಿಟ್, ಜೊತೆಗೆ ಎಸ್‌ಡಿ ಕಾರ್ಡಿಂದ ಓದ್ಬೇಕು. ಲೈವ್ ಲಿನಕ್ಸ್ ಏಳೋವಾಗ ಕಾಯೋದು ಗೊತ್ತಾಗುತ್ತೆ. ಡೆಕ್ಕಲ್ಲಿ ಅಷ್ಟು ಕಾಯೋ ಹಾಗಿಲ್ಲ, ಆದ್ರೆ ಪೋರ್ಟಿನ ವಿವರದಲ್ಲಿ 10 ಗಿಗಾಬಿಟ್ ಅಂತ ಇದೆ ಅಂತ ಆಸೆ ಪಡಬೇಡಿ, ಈ ಮಾಸ್ ಸ್ಟೋರೇಜ್ ಪದ್ಧತಿ ಒಂದು ಆದೇಶ ಮುಗಿಸಿ ಇನ್ನೊಂದು ತಗೊಳ್ಳೋ ಜಾತಿಯದು. ಒಳ್ಳೇ ಯುಎಸ್‌ಬಿ 3 ಪೆನ್‌ಡ್ರೈವಲ್ಲಿರೋ ವೆಂಟಾಯಿಗೂ ಇದಕ್ಕೂ ಇನ್‌ಸ್ಟಾಲ್ ಹೊತ್ತಲ್ಲಿ ನಂಗೇನೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಡೆಕ್ಕಿನ ಕಿರಿಕಿರಿಗಳೂ ಇವೆ. ಇರೋದೇ ಒಂದು ಸಿ ಪೋರ್ಟು, ಅದು ಡ್ರೈವ್ ಆಗಿರುವಾಗ ಚಾರ್ಜರ್ ಹಾಕೋಕಾಗಲ್ಲ, ದೊಡ್ಡ ಇನ್‌ಸ್ಟಾಲ್ ಅಂದ್ರೆ ಬ್ಯಾಟರಿ ತುಂಬ್ಸಿಟ್ಕೊಂಡೇ ಕೂರಬೇಕು. ಡೆಕ್ಕು ನಿದ್ದೆಗೆ ಜಾರಿದ್ರೆ ಆಚೆ ಕಡೆ ಡಿಸ್ಕ್ ಮಾಯ, ಆದ್ದರಿಂದ ಸ್ಲೀಪ್ ಆಫ್ ಮಾಡಲೇಬೇಕು. ಕೇಬಲ್ ಒಂದು ತುದಿ ಎ ಇನ್ನೊಂದು ತುದಿ ಸಿ ಇರೋದು ತಗೊಳ್ಳಿ, ಯಾರು ಯಜಮಾನ ಅನ್ನೋ ಜಗಳವೇ ಬರಲ್ಲ. ಬರೀ ಚಾರ್ಜಿಂಗಿಗೆ ಅಂತ ಬರೋ ಕೇಬಲಲ್ಲಿ ಡೇಟಾ ತಂತಿನೇ ಇರಲ್ಲ, ಅದಂತೂ ಬೇಡವೇ ಬೇಡ.

ಪೆನ್‌ಡ್ರೈವಿಗೆ ಹೊಂದದ ಒಂದು ಆಟ ಇಲ್ಲಿ ಆಡಬಹುದು, ನಂಗೆ ಇದರಲ್ಲೇ ಜಾಸ್ತಿ ಖುಷಿ. ಒಂದೇ ಕೇಬಲಲ್ಲಿ ಒಂದಕ್ಕಿಂತ ಹೆಚ್ಚು ಡ್ರೈವ್ ತೋರಿಸಬಹುದು. ಮೊದಲನೇದು ವಿಂಡೋಸ್ ಐಎಸ್ಒ ಇರೋ ಸಿಡಿ, ಎರಡನೇದು ಬರೆಯೋಕಾಗೋ ಪುಟ್ಟ ಫ್ಯಾಟ್32 ಇಮೇಜ್, ಅದರಲ್ಲಿ ಸ್ಟೋರೇಜ್ ಡ್ರೈವರು, ವೈಫೈ ಡ್ರೈವರು, ಜೊತೆಗೆ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಆಟೋಅನಟೆಂಡ್ ಫೈಲ್. ಆ ಡ್ರೈವ್ ರಿಮೂವಬಲ್ ಅಂತ ಕಾಣೋದ್ರಿಂದ ವಿಂಡೋಸ್ ಸೆಟಪ್ ತಾನೇ ಹುಡುಕಿ ಓದ್ಕೊಳ್ಳುತ್ತೆ, ಐಎಸ್ಒ ಬಿಚ್ಚಿ ಕಟ್ಟೋ ಕೆಲಸ ಇಲ್ಲ. ಮಷೀನಿನ ಲಾಗ್ ಬೇಕಂದ್ರೆ ಅದಕ್ಕೇ ಕಾಪಿ ಮಾಡಿಸ್ಕೊಂಡು ಡೆಕ್ಕಲ್ಲೇ ತೆಗೆದು ನೋಡಬಹುದು, ಕಾಪಿ ಮುಗಿದ್ಮೇಲೆ ಆ ಕಡೆಯಿಂದ ಇಜೆಕ್ಟ್ ಮಾಡೋದು ಮರೀಬೇಡಿ, ಇಬ್ಬರೂ ಒಟ್ಟಿಗೆ ಬರೆದ್ರೆ ಇಮೇಜ್ ಕೆಡುತ್ತೆ.

ನಿಮ್ಮ ಹತ್ರ ಬೇರೆ ಯಾವುದೋ ಹ್ಯಾಂಡ್‌ಹೆಲ್ಡ್ ಲಿನಕ್ಸ್ ಇದ್ರೆ, ಇಷ್ಟೆಲ್ಲಾ ಓದಿ ಕೈ ಹಾಕೋ ಮುಂಚೆ ಸಿಸ್ ಫೋಲ್ಡರಿನ ಕ್ಲಾಸ್ ಒಳಗೆ ಯುಡಿಸಿ ಅನ್ನೋ ಜಾಗದಲ್ಲಿ ಇಣುಕಿ ನೋಡಿ. ಅಲ್ಲಿ ಒಂದು ಹೆಸರಿದ್ರೆ ಆಗುತ್ತೆ. ಖಾಲಿ ಇದ್ರೆ ಬಯಾಸಲ್ಲಿ ಡ್ಯುಯಲ್ ರೋಲ್ ಥರದ ಆಯ್ಕೆ ಇದೆಯಾ ನೋಡಿ, ಅದೂ ಇಲ್ಲ ಅಂದ್ರೆ ಆ ಹಾರ್ಡ್‌ವೇರಲ್ಲಿ ಇದು ನಡೆಯಲ್ಲ, ವೆಂಟಾಯೇ ಗತಿ.