ಹೆಡ್‌ಫೋನ್ ಆಂಪ್‌ನ ಸುಯ್ ಸದ್ದು: ಬ್ಯಾಟರಿಯೋ, ಚಿಪ್ಪೋ, ಗೇನೋ?

ನನ್ನದು ಮನೆಯಲ್ಲೇ ಕಟ್ಟಿದ ಸೀಮಾಯ್ (CMoy ಎಂಬ ಸರಳ ವಿನ್ಯಾಸ) ಮಾದರಿಯ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್, ಅಂದರೆ ಆಂಪ್. ಒಳಗೆ ಸಿಗ್ನಲ್ ಹಿಗ್ಗಿಸುವ ಟಿಎಲ್072 ಚಿಪ್, ಗೇನ್ 11 (ಅಂದರೆ ಸಿಗ್ನಲ್ 11 ಪಟ್ಟು), ಮುಂದೆ 50ಕೆ (50 ಸಾವಿರ ಓಮ್) ವಾಲ್ಯೂಮ್ ಪಾಟ್, ಅಂದರೆ ತಿರುಗಿಸುವ ರೆಸಿಸ್ಟರ್. ದೊಡ್ಡ ಹೆಡ್‌ಫೋನಿನಲ್ಲಿ ಎಲ್ಲ ಚೆನ್ನಾಗಿದೆ. 16 ಓಮ್‌ನ ಇಯರ್‌ಫೋನ್ ಹಾಕಿದರೆ ಮಾತ್ರ ಹಾಡು ನಿಂತ ಕಡೆಯಲ್ಲೆಲ್ಲ ಸುಯ್ ಅಂತ ಒಂದೇ ಸಮನೆ ಕೇಳುತ್ತದೆ. ಯಾರನ್ನು ಕೇಳಿದರೂ ಮೂರು ಮದ್ದು ಹೇಳುತ್ತಾರೆ: ಬ್ಯಾಟರಿ ಹಾಕು, ಒಳ್ಳೆ ಚಿಪ್ ಹಾಕು, ಗೇನ್ ಇಳಿಸು. ಮೂರನ್ನೂ ಮಾಡಿ ನೋಡಿದೆ. ಕಾರವಾರದ ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದಿಗೆ ಇಂಥದ್ದೆಲ್ಲ ಕೇಳುವುದೇ ಇಲ್ಲ, ಮಳೆ ಬಿಟ್ಟ ರಾತ್ರಿಯೇ ಕೂರಬೇಕು.

ಬ್ಯಾಟರಿಯ ವಿಷಯ ಬೇಗ ಮುಗಿಯಿತು. ಅಡಾಪ್ಟರ್ ತೆಗೆದು ಎರಡು 9 ವೋಲ್ಟ್ ಬ್ಯಾಟರಿ ಹಾಕಿದಾಗ ಅಡಿಯಲ್ಲಿದ್ದ ಸಣ್ಣ ಗುಂಯ್ ಹೋಯಿತು, ಸುಯ್ ಹಾಗೇ ಉಳಿಯಿತು. ಗುಂಯ್ ಅಂದರೆ ಕರೆಂಟಿನ 50 ಅಥವಾ 100 ಹರ್ಟ್ಸ್, ಅದು ಬೇರೆಯೇ ರೋಗ. ಆದರೂ ಮೊದಲು ಬ್ಯಾಟರಿ ಹಾಕಿ ನೋಡುವುದು ಒಳ್ಳೆಯದು, ಸಪ್ಲೈ ಮೇಲಿನ ಅನುಮಾನ ಕಳೆಯುತ್ತದೆ.

ಚಿಪ್ ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಇನ್‌ಪುಟ್ ಶಾರ್ಟ್ ಮಾಡಿ (ಫೋನ್ ತೆಗೆದು ಸಿಗ್ನಲ್ ತಂತಿಯನ್ನು ಗ್ರೌಂಡ್‌ಗೆ ಸೇರಿಸಿ) ವಾಲ್ಯೂಮ್ ಪೂರ್ತಿ ಇಳಿಸಿ. ಆಗ ಕೇಳುವುದು ಚಿಪ್ ಮತ್ತು ಗೇನ್ ಎಷ್ಟೆಂದು ನಿರ್ಧರಿಸುವ ಫೀಡ್‌ಬ್ಯಾಕ್ ರೆಸಿಸ್ಟರ್‌ಗಳ ಸದ್ದು ಮಾತ್ರ. ಈಗ ಪಾಟ್ ನಿಧಾನ ತಿರುಗಿಸಿ. ನಡುವೆ ಎಲ್ಲೋ ಸುಯ್ ಉಬ್ಬಿ, ಪೂರ್ತಿ ಏರಿಸಿದಾಗ ಮತ್ತೆ ಇಳಿದರೆ ಅದು ಪಾಟ್‌ನದ್ದೇ. 50ಕೆ ಪಾಟ್ ತನ್ನ ನಟ್ಟನಡುವೆ ಚಿಪ್‌ಗೆ 12.5ಕೆ ರೆಸಿಸ್ಟರ್ ಆಗಿ ಕಾಣುತ್ತದೆ, ಅಷ್ಟಕ್ಕೇ ರೂಟ್ ಹರ್ಟ್ಸ್‌ಗೆ 14 ನ್ಯಾನೋವೋಲ್ಟ್ ನಾಯ್ಸ್ (ಇದು ನಾಯ್ಸ್ ಅಳೆಯುವ ಮಾನ, ಸಂಖ್ಯೆ ಕಡಿಮೆಯಾದಷ್ಟೂ ಶಾಂತ). ಅದೇ ಲೆಕ್ಕದಲ್ಲಿ ಟಿಎಲ್072ರ ಸ್ವಂತ ನಾಯ್ಸ್ 18, ಅದರ ಜಾಗಕ್ಕೆ ಹಾಕಬಹುದಾದ ಚಿಪ್‌ಗಳಲ್ಲಿ ಓಪಿಎ2134ರದ್ದು 8, ಎನ್ಇ5532ರದ್ದು 5.

ಟಿಎಲ್072 ಕಿತ್ತು ಉಳಿದೆರಡರಲ್ಲಿ ಯಾವುದನ್ನು ಕೂರಿಸಿದರೂ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಆದರೆ ಆ ಎರಡರ ನಡುವೆ? ವಾಲ್ಯೂಮ್ ಪೂರ್ತಿ ಇಳಿಸಿದಾಗ 5532 ಸ್ವಲ್ಪ ಶಾಂತ. ಹಾಡು ಕೇಳುವ ಜಾಗಕ್ಕೆ ಪಾಟ್ ತಂದರೆ ನನಗೆ ಒಂದೇ ಥರ ಕೇಳಿತು. ಅದಕ್ಕೆ ಕಾರಣವೂ ಇದೆ: 5532ರ ಕರೆಂಟ್ ನಾಯ್ಸ್ (ಎದುರಿನ ರೆಸಿಸ್ಟರ್‌ನಲ್ಲಿ ಹರಿದು ಸದ್ದಾಗುವ ಕರೆಂಟಿನ ಏರುಪೇರು) ಜಾಸ್ತಿ, ಹೆಚ್ಚು ಓಮ್‌ನ ಪಾಟ್ ಎದುರಿಗಿದ್ದರೆ ಅದರ ಮೇಲುಗೈ ಅಲ್ಲೇ ಕರಗುತ್ತದೆ. 10ಕೆ ಪಾಟ್ ಹಾಕಿದ ಮೇಲೆ ನಡುವಿನ ಉಬ್ಬು ಬಹಳ ಇಳಿಯಿತು. ಹಾಗಿರುವಾಗ ದುಬಾರಿ ಓಪಿಎ2134 ಯಾಕೆ? ಆನ್‌ಲೈನಲ್ಲಿ ಅದರ ನಕಲಿಗಳೂ ಸಾಕಷ್ಟಿವೆ. ನನ್ನ ವೋಟು 5532ಕ್ಕೇ.

ಇಷ್ಟಾದರೂ ಇಯರ್‌ಫೋನಿನಲ್ಲಿ ಸುಯ್ ಪೂರ್ತಿ ಹೋಗಿರಲಿಲ್ಲ. ಅದನ್ನು ಓಡಿಸಿದ್ದು ಗೇನ್. ಎರಡೂ ಚಾನೆಲ್‌ನ 10ಕೆ ಫೀಡ್‌ಬ್ಯಾಕ್ ರೆಸಿಸ್ಟರ್ ತೆಗೆದು 2ಕೆ ಸೋಲ್ಡರ್ ಮಾಡಿದೆ, ಜೊತೆಗಿರುವ 1ಕೆ ಹಾಗೇ ಬಿಟ್ಟೆ, ಅಂದರೆ ಗೇನ್ 1 + 2 = 3. ಲೆಕ್ಕಕ್ಕೆ 11 ಡೆಸಿಬೆಲ್ ಇಳಿತ, ಕಿವಿಗೆ ನಿಶ್ಶಬ್ದ! ಪುಡಿಗಾಸಿನ ಎರಡು ರೆಸಿಸ್ಟರ್ ಅಷ್ಟೇ, ಯಾವ ಚಿಪ್ಪೂ ಇಷ್ಟು ಕೆಲಸ ಮಾಡಲಿಲ್ಲ. ಹಾಡು ಸಣ್ಣದಾಯಿತಲ್ವಾ ಅಂದರೆ ಪಾಟ್ ಸ್ವಲ್ಪ ಏರಿಸಿ, 16 ಓಮ್‌ಗೆ ಫೋನಿನ ಸಿಗ್ನಲ್ ಬೇಕಾದಷ್ಟಿದೆ.

ಪಾಟ್ ತಿರುಗಿಸುವಾಗ ಕರಕರ ಅಂದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಪಾಟ್, ಜ್ಯಾಕ್ ಬೇಗ ಕಿಲುಬು ಹಿಡಿಯುತ್ತವೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ.

ಗೇನ್ 3 ಎಲ್ಲರಿಗೂ ಆಗುವುದಿಲ್ಲ ಅನ್ನುವುದೂ ನಿಜ. ಶಿರಸಿಯ ಭಾವನ 300 ಓಮ್ ಹೆಡ್‌ಫೋನಿಗೆ ಅದು ಸಾಲಲಿಲ್ಲ. ಅವರ ಆಂಪ್‌ಗೆ 3.9ಕೆ ಹಾಕಿ ಗೇನ್ 5ರ ಹತ್ತಿರ ನಿಲ್ಲಿಸಿದೆವು, ಆ ಹೆಡ್‌ಫೋನಿನಲ್ಲಿ ಸುಯ್ ಇಲ್ಲ.