ಬೆನ್‌ಕ್ಯೂ ಝೋವಿ ಎಕ್ಸ್‌ಎಲ್2546ಕೆ: ಶೂಟರ್ ಆಡುವವರಿಗೆ ಮಾತ್ರ

ದಿನವೂ ಕೂತು ವ್ಯಾಲೊರಂಟ್ ಅಥವಾ ಸಿಎಸ್2 (ಕೌಂಟರ್-ಸ್ಟ್ರೈಕ್ 2) ಥರದ ಗುಂಡು ಹಾರಿಸುವ ಆಟ, ಅಂದರೆ ಶೂಟರ್ ಆಡುವವರು, ರ‍್ಯಾಂಕ್ ಏರಬೇಕೆಂಬ ಹಟ ಇರುವವರು ಈ ಮಾನಿಟರ್ ಕೊಳ್ಳಬಹುದು. ಕಥೆಯಿರುವ ಗೇಮ್, ಸಿನಿಮಾ, ಫೋಟೊ ಎಡಿಟಿಂಗ್ ಎಲ್ಲಕ್ಕೂ ಒಂದೇ ಪರದೆ ಬೇಕು ಅನ್ನುವವರಿಗೆ ಇದು ಬೇಡ. 180 ಹರ್ಟ್ಸ್‌ನ (ಸೆಕೆಂಡಿಗೆ 180 ಚಿತ್ರ ತೋರಿಸುವ) ಐಪಿಎಸ್ (ಬಣ್ಣ ಚೆನ್ನಾಗಿ ತೋರಿಸುವ ಬಗೆಯ ಪ್ಯಾನೆಲ್) ಮಾನಿಟರ್ ಇದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ, ಅವರಿಗೆ ಅದೇ ಸರಿ.

24.5 ಇಂಚು, 1920×1080, ಟಿಎನ್ ಪ್ಯಾನೆಲ್ (ವೇಗದ, ಆದರೆ ಬಣ್ಣದಲ್ಲಿ ಹಿಂದಿರುವ ಬಗೆ), 240 ಹರ್ಟ್ಸ್. ಸ್ಪೀಕರ್ ಇಲ್ಲ, ಹೆಡ್‌ಫೋನ್ ಜ್ಯಾಕ್ ಇದೆ. ಸ್ಟ್ಯಾಂಡ್ ಎತ್ತರ ತಗ್ಗು ಆಗುತ್ತದೆ. ಜೊತೆಗೆ ಬರುವ ಎಸ್ ಸ್ವಿಚ್ ಎಂಬ ಪುಟ್ಟ ರಿಮೋಟ್‌ನಲ್ಲಿ 1, 2, 3 ಎಂದು ಗುಂಡಿಗಳಿವೆ. ಒಂದಕ್ಕೆ ಆಟದ ಸೆಟ್ಟಿಂಗ್, ಇನ್ನೊಂದಕ್ಕೆ ಓದಲು ಬರೆಯಲು ಬೇಕಾದ ಮೆತ್ತಗಿನ ಬೆಳಕು ಅಂತ ಉಳಿಸಿಟ್ಟುಕೊಂಡರೆ ಮತ್ತೆ ಮೆನುವಿಗೆ ಹೋಗುವ ಕೆಲಸವೇ ಇರುವುದಿಲ್ಲ.

ದುಡ್ಡು ಕೊಡುವುದು ಮುಖ್ಯವಾಗಿ ಡೈಆ್ಯಕ್ ಪ್ಲಸ್‌ಗೆ, ಅಂದರೆ ಓಡುವ ಚಿತ್ರವನ್ನು ಸ್ಪಷ್ಟವಾಗಿ ತೋರಿಸುವ ಬೆನ್‌ಕ್ಯೂ ತಂತ್ರಕ್ಕೆ. ಸಾಮಾನ್ಯ ಪರದೆಯಲ್ಲಿ ಹಿಂಬದಿ ಬೆಳಕು ಸದಾ ಉರಿಯುತ್ತಿರುತ್ತದೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯದು ಕಣ್ಣಲ್ಲಿ ಉಳಿದು ಅಂಚು ಹರಡಿದಂತೆ ಕಾಣುವುದು ಅದರಿಂದಲೇ. ಡೈಆ್ಯಕ್‌ನಲ್ಲಿ ಬೆಳಕು ಪ್ರತಿ ಚಿತ್ರಕ್ಕೂ ಒಮ್ಮೆ ಮಾತ್ರ ಕ್ಷಣ ಹೊತ್ತಿ ಆರುತ್ತದೆ. ಸಿಎಸ್2ನ ಎಕೆ-47 ತೆಗೆದುಕೊಳ್ಳಿ. ಅದು ನಿಮಿಷಕ್ಕೆ 600 ಗುಂಡು ಹಾರಿಸುತ್ತದೆ, ಅಂದರೆ ಗುಂಡಿಗೂ ಗುಂಡಿಗೂ ನಡುವೆ 100 ಮಿಲಿಸೆಕೆಂಡ್. 60 ಹರ್ಟ್ಸ್ ಪರದೆ ಅಷ್ಟರಲ್ಲಿ 6 ಚಿತ್ರ ತೋರಿಸಿದರೆ ಇದು 24 ತೋರಿಸುತ್ತದೆ. ಮೊದಲ ಏಳೆಂಟು ಗುಂಡು ಮೇಲಕ್ಕೆ ಏರುತ್ತವೆ, ಆಮೇಲೆ ಅಡ್ಡಡ್ಡ ಎಳೆಯುತ್ತವೆ. ಮೌಸ್ ಕೆಳಗೆಳೆಯುತ್ತಾ ಸ್ಪ್ರೇ (ಬಿಡದೆ ಸುರಿಸುವ ಗುಂಡು) ಹಿಡಿಯುವಾಗ ಪರದೆ ಅಲುಗಾಡುತ್ತದಲ್ಲ, ಆ ಅಲುಗಾಟದಲ್ಲೂ ಎದುರಾಳಿಯ ತಲೆ ಭುಜ ಬೇರೆಬೇರೆಯಾಗಿ ಕಾಣುತ್ತವೆ. ಡೈಆ್ಯಕ್ ಆಫ್ ಮಾಡಿ ಅದೇ ಗೋಡೆಗೆ ಅದೇ 30 ಗುಂಡು ಹೊಡೆದು ನೋಡಿ, ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಇಷ್ಟಾದರೂ ಗುರಿ ಕಲಿಯಬೇಕಾದ್ದು ಕೈಯೇ. ಸಿಎಸ್2ನಲ್ಲಿ ಸ್ಪ್ರೇಯ ದಾರಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ, ಅಭ್ಯಾಸ ಮಾಡಿದರೆ ಬರುತ್ತದೆ. ವ್ಯಾಲೊರಂಟ್‌ನಲ್ಲಿ ಅಡ್ಡ ಎಳೆತ ಯಾವ ಕಡೆಗೆ ಅನ್ನುವುದು ಬದಲಾಗುತ್ತಿರುತ್ತದೆ. ಅಲ್ಲಿ ನೋಡಿ ತಿದ್ದಬೇಕು, ಹಾಗಾಗಿ ಈ ಸ್ಪಷ್ಟತೆಯ ಉಪಯೋಗ ಅಲ್ಲೇ ಹೆಚ್ಚು.

ಇದಕ್ಕೊಂದು ಕರಾರು ಇದೆ: ಪಿಸಿ ಸೆಕೆಂಡಿಗೆ 240 ಫ್ರೇಮ್‌ (ಚಿತ್ರ) ಬಿಡದೆ ಕೊಡುತ್ತಿರಬೇಕು. 150ಕ್ಕೆ ಇಳಿಯಿತೋ, ಕೆಲವು ಚಿತ್ರ ಎರಡೆರಡು ಸಲ ಹೊತ್ತಿ ಅಂಚುಗಳು ಜೋಡಿಯಾಗಿ ಕಾಣತೊಡಗುತ್ತವೆ. ಆಗ ಡೈಆ್ಯಕ್ ಆಫ್ ಮಾಡಿ ಪರದೆಯ ವೇಗವನ್ನು ಪಿಸಿಯ ಫ್ರೇಮ್‌ಗೆ ಹೊಂದಿಸುವ ಜಿ-ಸಿಂಕ್ ಅಥವಾ ಫ್ರೀಸಿಂಕ್ ಹಾಕಿಕೊಳ್ಳುವುದೇ ಮೇಲು. ಡೈಆ್ಯಕ್ ಮತ್ತು ಈ ಸಿಂಕ್‌ಗಳನ್ನು ಒಟ್ಟಿಗೆ ಬಳಸುವಂತಿಲ್ಲ.

ಫ್ರೇಮ್ ಬೀಳುವುದಕ್ಕೆ ಎಲ್ಲರೂ ಗ್ರಾಫಿಕ್ಸ್ ಕಾರ್ಡ್ ಬೈಯುತ್ತಾರೆ. ಈ ಎರಡು ಆಟಗಳಲ್ಲಿ 1920×1080ರಲ್ಲಿ ಮೊದಲು ಸುಸ್ತಾಗುವುದು ಸಾಮಾನ್ಯವಾಗಿ ಪ್ರೊಸೆಸರ್ ಮತ್ತು ರ‍್ಯಾಮ್. 16 ಜಿಬಿಯ ಒಂದೇ ಕಡ್ಡಿ ಹಾಕಿದ ಪಿಸಿ ಆಗಿದ್ದರೆ ಮಾನಿಟರ್‌ಗೆ ಮುಂಚೆ ಅದನ್ನು ಸರಿಮಾಡಿ. 8 ಜಿಬಿಯ ಎರಡು ಕಡ್ಡಿ ಬೇಕು. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಸಾಮಾನ್ಯವಾಗಿ ಎರಡನೆಯದು ಮತ್ತು ನಾಲ್ಕನೆಯದು. ಆಮೇಲೆ ಬಯಾಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಹೋಗಿ, ರ‍್ಯಾಮ್‌ಗೆ ಬರೆದಷ್ಟು ವೇಗ ಕೊಡುವ ಎಕ್ಸ್‌ಎಂಪಿ ಆನ್ ಮಾಡಿ. ಮಾಡದಿದ್ದರೆ 3200 ಎಂದು ಬರೆದಿರುವ ಡಿಡಿಆರ್4 ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಈ ವೇಗ ಕಾಣುತ್ತದೆ.

ಮಾನಿಟರ್ ಜೋಡಿಸಿದ ಮೊದಲ ದಿನ ಎಷ್ಟೋ ಜನ ನಿರಾಶರಾಗುವುದಕ್ಕೆ ಕಾರಣ ವಿಂಡೋಸ್. ಅದು ಹೊಸ ಪರದೆಯನ್ನು ಎಷ್ಟೋ ಸಲ 60 ಹರ್ಟ್ಸ್‌ನಲ್ಲೇ ಬಿಟ್ಟಿರುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಒಳಗೆ ಹೋಗಿ 240 ಆರಿಸಬೇಕು. ಅಲ್ಲಿ 240 ಕಾಣದೇ ಹೋದರೆ ಕೇಬಲ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಹಾಕಿಬಿಡುವುದು ತೀರ ಸಾಮಾನ್ಯ ತಪ್ಪು. ಗ್ರಾಫಿಕ್ಸ್ ಕಾರ್ಡ್‌ನ ಡಿಸ್‌ಪ್ಲೇಪೋರ್ಟ್‌ಗೇ ಹಾಕಿ. ಹಳೆಯ ಕಾರ್ಡ್‌ನ ಎಚ್‌ಡಿಎಂಐ 1.4ರಲ್ಲಿ 240 ಬರುವುದಿಲ್ಲ. ಎಚ್‌ಡಿಎಂಐ ಬಳಸಲೇಬೇಕಾಗಿ ಬಂದು ಕಪ್ಪು ಬೂದಿ ಬಣ್ಣಕ್ಕೆ ತಿರುಗಿದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಡೈನಾಮಿಕ್ ರೇಂಜ್ ಅನ್ನು ಲಿಮಿಟೆಡ್‌ನಿಂದ ಫುಲ್‌ಗೆ ಬದಲಿಸಿ. ಆಟದೊಳಗೆ ವಿ-ಸಿಂಕ್ (ಫ್ರೇಮ್ ಅನ್ನು ಪರದೆಯ ವೇಗಕ್ಕೆ ಕಟ್ಟುವುದು) ಆಫ್, ರಿಫ್ಲೆಕ್ಸ್ (ಮೌಸ್ ಒತ್ತಿದ್ದು ಪರದೆಗೆ ಬರುವ ತಡ ತಗ್ಗಿಸುವ ಎನ್‌ವಿಡಿಯಾ ಸೌಲಭ್ಯ) ಆನ್.

ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಎಎಂಎ (ಪಿಕ್ಸೆಲ್ ಬಣ್ಣ ಬದಲಿಸುವ ವೇಗ ಹೆಚ್ಚಿಸುವ ಸೆಟ್ಟಿಂಗ್) ಎಂಬುದನ್ನು ಹೈನಲ್ಲಿ ಇಡಿ. ಪ್ರೀಮಿಯಂ ಅಂದರೆ ಹೆಚ್ಚು ಒಳ್ಳೆಯದು ಅನ್ನಿಸುವುದು ಸಹಜ. ಆದರೆ ಅಲ್ಲಿ ಪಿಕ್ಸೆಲ್ ಬಣ್ಣದ ಗುರಿ ದಾಟಿ ಹೋಗಿ ವಾಪಸ್ ಬರುತ್ತದೆ, ಓಡುವ ಆಕೃತಿಯ ಹಿಂದೆ ತಿಳಿ ಬಣ್ಣದ ಬಾಲ ಕಾಣುತ್ತದೆ. ಬ್ಲ್ಯಾಕ್ ಈಕ್ವಲೈಸರ್ ಕತ್ತಲ ಮೂಲೆಗಳನ್ನಷ್ಟೇ ತಿಳಿಗೊಳಿಸುತ್ತದೆ. ಎಲ್ಲೆಡೆ ಹಾಲು ಸುರಿದಂತೆ ಬೆಳ್ಳಗಾಗುವವರೆಗೂ ಏರಿಸಬೇಡಿ, ಮೂಲೆಯಲ್ಲಿ ನಿಂತವನು ಗೋಡೆಯಿಂದ ಬೇರೆಯಾಗಿ ಕಂಡರೆ ಅಷ್ಟು ಸಾಕು. ಟಿಎನ್ ಆದ್ದರಿಂದ ಮೇಲೆ ಕೆಳಗೆ ತಲೆ ಸರಿಸಿದರೆ ಬಣ್ಣ ಬದಲಾಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಎತ್ತರ ಹೊಂದಿಸಿ, ತುಸು ಹಿಂದಕ್ಕೆ ವಾಲಿಸಿ. ಡೈಆ್ಯಕ್ ಹಾಕಿ ಒಂದೆರಡು ಗಂಟೆಗೇ ಕಣ್ಣು ಉರಿಯುವುದು, ತಲೆ ಹಿಡಿಯುವುದು ಕೆಲವರಿಗೆ ಆಗುತ್ತದೆ, ಬೆಳಕು ಹೊತ್ತಿ ಆರುವುದೇ ಕಾರಣ. ಅಂಥವರು ಈ ಮಾನಿಟರ್‌ಗೆ ದುಡ್ಡು ಹಾಕದಿರುವುದೇ ಒಳ್ಳೆಯದು.

ಸಿಎಸ್2ನಲ್ಲಿ 1280×960 ಹಿಗ್ಗಿಸಿ ಆಡುವವರು ಬಹಳ. ಎನ್‌ವಿಡಿಯಾದಲ್ಲಿ ಸ್ಕೇಲಿಂಗ್ ಫುಲ್-ಸ್ಕ್ರೀನ್, ಜಿಪಿಯು ಎಂದು ಆರಿಸಿದರೆ ಆಯಿತು. ಎದುರಾಳಿ ಮೂರನೇ ಒಂದು ಪಾಲು ಅಗಲವಾಗಿ ಕಾಣುತ್ತಾನೆ. ಆದರೆ ಅಷ್ಟೇ ವೇಗವಾಗಿ ಪರದೆ ದಾಟುತ್ತಾನೆ, ಮತ್ತು ನೋಟದ ಅಗಲ 106 ಡಿಗ್ರಿಯಿಂದ 90ಕ್ಕೆ ಇಳಿಯುತ್ತದೆ. ವ್ಯಾಲೊರಂಟ್‌ನಲ್ಲಿ ಈ ಅಗಲ 103 ಡಿಗ್ರಿಗೇ ನಿಗದಿಯಾಗಿರುವುದರಿಂದ ಹಿಗ್ಗಿಸಿ ಪ್ರಯೋಜನ ಇಲ್ಲ. ಹೊಸ ಮಾನಿಟರ್ ಬಂತೆಂದು ಮೌಸ್ ಸೆನ್ಸಿಟಿವಿಟಿ ಮುಟ್ಟಬೇಡಿ. ಮೌಸ್ 800 ಡಿಪಿಐ (ಇಂಚಿಗೆ 800 ಎಣಿಕೆ), ವ್ಯಾಲೊರಂಟ್‌ನಲ್ಲಿ ಸೆನ್ಸಿಟಿವಿಟಿ 0.4 ಇದ್ದರೆ ಪೂರ್ತಿ ಒಂದು ಸುತ್ತಿಗೆ ಕೈ ಸುಮಾರು 41 ಸೆಂಟಿಮೀಟರ್ ಸರಿಯಬೇಕು. ಅದೇ ಅಳತೆ ಸಿಎಸ್2ನಲ್ಲಿ ಬೇಕಾದರೆ 3.18ರಿಂದ ಗುಣಿಸಿ, 1.27 ಬರುತ್ತದೆ.

ಇನ್ನು ಚಿಕ್ಕಮಗಳೂರಿನಲ್ಲಿ ಇದನ್ನು ಇಟ್ಟುಕೊಳ್ಳುವ ಮಾತು. ಮಳೆಗಾಲದಲ್ಲಿ, ಅದರಲ್ಲೂ ಮೂಡಿಗೆರೆ, ಕೊಪ್ಪದ ಕಡೆಯ ತೋಟದ ಮನೆಗಳಲ್ಲಿ, ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲು. 600 ವಿಎ (ಯುಪಿಎಸ್ ಮೇಲೆ ಬರೆದಿರುವ ಶಕ್ತಿಯ ಅಳತೆ) ಯುಪಿಎಸ್ ಅಂದರೆ ಕೈಗೆ ಸಿಗುವುದು ಸುಮಾರು 360 ವ್ಯಾಟ್. ರೈಜನ್ 5 5600, ಆರ್‌ಟಿಎಕ್ಸ್ 3060 ಪಿಸಿ ಆಟದ ನಡುವೆ ಮಾನಿಟರ್ ಸೇರಿ ಅದರ ಅಂಚಿಗೇ ಬರುತ್ತದೆ, ಕರೆಂಟ್ ಹೋದ ಕ್ಷಣದಲ್ಲೇ ಯುಪಿಎಸ್ ಕೂಗಿ ಕೈಬಿಡಬಹುದು. 1000 ವಿಎ ಕೊಳ್ಳಿ, ಫೈಬರ್ ರೂಟರನ್ನೂ ಅದಕ್ಕೇ ಸೇರಿಸಿ. ಪಿಸಿ ಉಳಿದು ರೂಟರ್ ಆರಿದರೂ ಪಂದ್ಯ ಹೋದಂತೆಯೇ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಗೇಮಿಂಗ್ ಪಿಸಿ ಹಾಕಬೇಡಿ. ಈಗಿನ ಎಸ್‌ಎಂಪಿಎಸ್‌ಗಳಿಗೆ (ಪಿಸಿಯೊಳಗಿನ ಪವರ್ ಸಪ್ಲೈ) ಆ ಅಲೆ ಒಗ್ಗುವುದಿಲ್ಲ, ಗುಂಯ್ ಎಂದು ಸದ್ದು ಮಾಡುತ್ತವೆ, ಕೆಲವು ರೀಸ್ಟಾರ್ಟ್ ಆಗುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತರೆ ಸಾಲದು, ಲ್ಯಾನ್ ಕೇಬಲ್ ಕೂಡ ಕೀಳಬೇಕು. ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಜುಲೈ, ಆಗಸ್ಟ್‌ನ ಥಂಡಿಯಲ್ಲಿ ಪಾರ್ಸೆಲ್ ಬಂದರೆ ಪೆಟ್ಟಿಗೆ ತೆರೆದು ಕೆಲವು ಗಂಟೆ ಒಣ ಕೋಣೆಯಲ್ಲಿ ಬಿಟ್ಟು, ಒಳಗೆ ಹನಿಗಟ್ಟಿದ್ದರೆ ಆರಿದ ಮೇಲೆ ಆನ್ ಮಾಡಿ. ಪೆಟ್ಟಿಗೆ ಬಿಚ್ಚುವಾಗ ವೀಡಿಯೊ ಮಾಡಿಕೊಳ್ಳಿ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ತುಂಬಿದ ಚಿತ್ರಗಳನ್ನು ಒಂದೊಂದಾಗಿ ಪೂರ್ತಿ ಪರದೆಗೆ ಹಾಕಿ ಸತ್ತ ಪಿಕ್ಸೆಲ್ ಇದೆಯೇ ನೋಡಿ. ಚಿಕ್ಕಮಗಳೂರಿನ ಐಜಿ ರಸ್ತೆಯ ಅಂಗಡಿಯಲ್ಲಿ ಆರ್ಡರ್ ಕೊಟ್ಟು ತರಿಸುವುದಾದರೆ ಈ ಪರೀಕ್ಷೆಯನ್ನು ಅಲ್ಲೇ ಕೂತು ಮಾಡಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಕೆಟ್ಟರೆ ಸರ್ವಿಸ್‌ನವರು ಮನೆಗೆ ಬರುತ್ತಾರೋ, ಬೆಂಗಳೂರಿಗೆ ಕಳಿಸಬೇಕೋ ಎಂದೂ ದುಡ್ಡು ಕೊಡುವ ಮುಂಚೆಯೇ ಕೇಳಿ. ಪೆಟ್ಟಿಗೆ, ಒಳಗಿನ ಥರ್ಮಾಕೋಲ್ ಎಸೆಯಬೇಡಿ. ಕಳಿಸಬೇಕಾಗಿ ಬಂದರೆ ಘಾಟಿ ರಸ್ತೆಯ ಕುಲುಕಾಟ ತಡೆಯುವುದು ಅದೇ.